ಕಣಜ, ಇಲಿ ಮತ್ತು ಮನೆಯ ಶುಚಿ: ಕಂಬಂ ಕಣಿವೆಯ ಪ್ಲೇಗ್ ಚರಿತ್ರೆ

ದಿಂಡುಕ್ಕಲ್ಲಿನಿಂದ ಹೊರಟು ಬತ್ತಲಗುಂಡು, ಪೆರಿಯಕುಳಗಳನ್ನು ಹಾದು ತೇನಿ ಮುಟ್ಟುವ ದಾರಿ ಮುಂದೆ ಕಂಬಂ ಕಣಿವೆಯನ್ನು ಹೊಗುತ್ತದೆ. ಕನ್ನಡ ಮನೆಮಾತಿನ ಕಪ್ಪಿಲಿಯರು ಬೇಸಾಯ ಮತ್ತು ದನಸಾಕಣೆಯನ್ನು ನಂಬಿ ನೆಲೆಸಿದ ಸೀಮೆಯಿದು. 1895ರಲ್ಲಿ ಪೆರಿಯಾರ್ ಅಣೆಕಟ್ಟಿನ ನೀರು ಹರಿದ ಮೇಲೆ ಇಲ್ಲಿನ ಭತ್ತದ ಬೇಸಾಯಕ್ಕೆ ಬಲ ಬಂದಿತು. ಧಾನ್ಯ ತುಂಬಿದ ಮನೆಗೆ ಇಲಿಯೂ ಬರುತ್ತದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ಕಣಿವೆ ದಕ್ಷಿಣ ಭಾರತದಲ್ಲಿ ಪ್ಲೇಗ್ ಬೇರೂರಿದ ನೆಲೆಗಳಲ್ಲಿ ಒಂದಾಗಿತ್ತು.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಆಡಳಿತವು ಕೊಳೆ, ಕತ್ತಲೆ ಮತ್ತು ಕೆಟ್ಟ ಗಾಳಿಯನ್ನು ದೂರಿತು. ಗೋಡೆಗೆ ಸುಣ್ಣ ಬಳಿಸಿ, ನೆಲಕ್ಕೆ ಕಾರ್ಬಾಲಿಕ್ ಆಮ್ಲ ಸುರಿಸಿ, ಹೆಂಚು ತೆಗೆಸಿ ಬಿಸಿಲು ಬೀಳಿಸಿತು. ರೋಗಾಣುವನ್ನು ಯೆರ್ಸಿನ್ 1894ರಲ್ಲಿಯೇ ಗುರುತಿಸಿದ್ದನು; ಅದು ಇಲಿಯಿಂದ ಚಿಗಟದ ಮೂಲಕ ಹರಡುವುದೆಂದು ಸಿಮೊಂಡ್ 1898ರಲ್ಲಿ ಸೂಚಿಸಿದನು. ಆ ಮಾತಿಗೆ ಮನ್ನಣೆ ದೊರೆತದ್ದು 1905ರಲ್ಲಿ ಆರಂಭವಾದ ಪ್ಲೇಗ್ ಸಂಶೋಧನೆಯ ಅನಂತರ.

ಚಿಗಟಗಳಲ್ಲಿಯೂ ಭೇದವುಂಟು. ಜೆನಾಪ್ಸಿಲ್ಲಾ ಕಿಯೋಪಿಸ್ ಸೋಂಕನ್ನು ಸಮರ್ಥವಾಗಿ ದಾಟಿಸುತ್ತದೆ. ಆಸ್ಟಿಯಾ ಪ್ರಭೇದ ಅಷ್ಟು ಸಮರ್ಥವಲ್ಲ. ಕಂಬಂ ಕಣಿವೆಯ ಪ್ಲೇಗನ್ನು ಕುರಿತು ಜಾರ್ಜ್ ಮತ್ತು ವೆಬ್‌ಸ್ಟರ್ ನಡೆಸಿದ ವಿಚಾರಣೆಯ ವರದಿ 1934ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾಯಿತು. ಮನೆಯ ಕೊಳೆಯೊಂದನ್ನೇ ಕಾರಣವಾಗಿಸುತ್ತಿದ್ದ ಹಳೆಯ ವಿವರಣೆಯಿಂದ ದೃಷ್ಟಿ ಇಲಿ ಮತ್ತು ಚಿಗಟದ ಕಡೆಗೆ ಸರಿದುದಕ್ಕೆ ಈ ವರದಿಯೂ ಸಾಕ್ಷಿ.

ಇದರ ಅರ್ಥ ಸಣ್ಣದಲ್ಲ. ಸಗಣಿ ಸಾರಿಸಿದ ನೆಲ, ಬೆಳಗಿದ ಪಾತ್ರೆ, ಗುಡಿಸಿದ ಅಂಗಳ ಇವೆಲ್ಲ ಶುಚಿಯ ಲಕ್ಷಣಗಳು ನಿಜ. ಆದರೆ ಮಣ್ಣಿನ ಗೋಡೆಯೊಳಗಿನ ಬಿಲವನ್ನೂ ಕಣಜದ ಅಡಿಯನ್ನೂ ಪೊರಕೆ ಮುಟ್ಟಲಾರದು. ಅಚ್ಚುಕಟ್ಟಾದ ಮನೆಯಲ್ಲಿಯೂ ಸಾವು ಸಂಭವಿಸಬಹುದಾಗಿತ್ತು. ಆದುದರಿಂದ ಪ್ಲೇಗಿಗೆ ಬಲಿಯಾದ ಮನೆಯನ್ನು ಕೊಳಕು ಮನೆಯೆಂದು ಜರೆದುದು ಅನ್ಯಾಯವಷ್ಟೇ ಅಲ್ಲ, ವೈಜ್ಞಾನಿಕವಾಗಿಯೂ ತಪ್ಪು. ಬೇಕಾಗಿದ್ದುದು ಬಿಲ ಮುಚ್ಚುವುದು, ಧಾನ್ಯವನ್ನು ಇಲಿಗೆ ಎಟುಕದಂತೆ ಇಡುವುದು, ಚಿಗಟವನ್ನು ಕೊಲ್ಲುವುದು. 1945ರ ಅನಂತರ ಬಳಕೆಗೆ ಬಂದ ಡಿ.ಡಿ.ಟಿ. ಈ ಕೊನೆಯ ಕೆಲಸವನ್ನು ಸುಲಭಗೊಳಿಸಿತು.

ಇಲಿ ಸತ್ತು ಬಿದ್ದೊಡನೆ ಮನೆ ತೊರೆದು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವ ರೂಢಿ ಮೈಸೂರು ಸೀಮೆಯ ಹಳ್ಳಿಗಳಲ್ಲಿತ್ತು. ಚಿಗಟದ ಹೆಸರನ್ನು ಎತ್ತದೆಯೇ ಅದರಿಂದ ದೂರ ಸರಿಯುವ ವಿವೇಕ ಅದರಲ್ಲಿದೆ. ಕಂಬಂ ಕಣಿವೆಯ ವೈದ್ಯಕೀಯ ದಾಖಲೆ ಇಂಗ್ಲಿಷಿನಲ್ಲಿದೆ. ಕಣಜ ಕಾದವರ ಅನುಭವ ಮನೆಮಾತಿನಲ್ಲಿ ಉಳಿಯುವಂಥದು. ಹಿರಿಯರ ನೆನಪು ಅಳಿಯುವ ಮುನ್ನ ಈ ಎರಡನ್ನೂ ಜೊತೆಗಿಟ್ಟು ಓದಿದಾಗಲೇ ಕಣಿವೆಯ ಆರೋಗ್ಯ ಚರಿತ್ರೆ ಪೂರ್ಣವಾದೀತು.