ಕೊನೆಯ ಸುತ್ತಿನ ಹುಡುಗರ ಲೆಕ್ಕ

ಯಾವಗಲ್ಲಿನ ಶಾಲೆಯಲ್ಲಿ ಚೆನ್ನಾಗಿ ಓಡುವ ಹುಡುಗ ಮೊದಲು ವಲಯ ಮಟ್ಟ ದಾಟಬೇಕು. ಆಮೇಲೆ ರೋಣ, ಗದಗ, ಬೆಳಗಾವಿ ವಿಭಾಗ, ಕೊನೆಗೆ ರಾಜ್ಯ. ಪ್ರತಿ ಹಂತದಲ್ಲೂ ಹತ್ತರಲ್ಲಿ ಒಬ್ಬನೇ ಉಳಿಯುತ್ತಾನೆ ಎಂದು ಹಿಡಿದರೂ ಮೂರು ಹಂತಕ್ಕೆ ಸಾವಿರದಲ್ಲಿ ಒಬ್ಬ. ಉಳಿದ 999 ಮಂದಿಯಲ್ಲಿ ಪ್ರತಿಭೆ ಇರಲಿಲ್ಲವೇ, ಅಥವಾ ಅವರನ್ನು ಸರಿಯಾಗಿ ನೋಡಿದವರು ಇರಲಿಲ್ಲವೇ? ನಮ್ಮಲ್ಲಿ ಈ ಪ್ರಶ್ನೆಗೆ ದಾಖಲೆ ಸಿಗುವುದು ಕಷ್ಟ. ಆದರೆ ನಮ್ಮೂರಿನವರು ಆಡದ ಒಂದು ಆಟದಲ್ಲಿ ಅರವತ್ತು ವರ್ಷಗಳ ಲೆಕ್ಕ ಬಹಿರಂಗವಾಗಿದೆ.

ಅದು ಐಸ್ ಹಾಕಿ. ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್ 1963ರಲ್ಲಿ ಮಾಂಟ್ರಿಯಲ್‌ನಲ್ಲಿ ಮೊದಲ ಬಾರಿಗೆ 'ಡ್ರಾಫ್ಟ್' ನಡೆಸಿತು. ಹರಾಜಿನಂತೆ ಇಲ್ಲಿ ದುಡ್ಡು ಕೂಗುವುದಿಲ್ಲ. ತಂಡಗಳು ಸರದಿಯಂತೆ ಒಬ್ಬೊಬ್ಬ ಹುಡುಗನ ಹೆಸರು ಹೇಳುತ್ತವೆ. ಆಗ ಆರೇ ತಂಡ, ಆಯ್ಕೆಯಾದವರು 21 ಮಂದಿ. ಈಗ 32 ತಂಡ, ಏಳು ಸುತ್ತು, ವರ್ಷಕ್ಕೆ 220ಕ್ಕೂ ಹೆಚ್ಚು ಹುಡುಗರು. ಮೊದಲ ಸುತ್ತಿನವರಲ್ಲಿ ಬಹುಪಾಲು ಮಂದಿ ಲೀಗ್‌ನಲ್ಲಿ ಆಡುತ್ತಾರೆ. ಕೊನೆಯ ಸುತ್ತುಗಳಿಂದ ಬಂದು ನೆಲೆ ನಿಲ್ಲುವವರು ಬೆರಳೆಣಿಕೆಯಷ್ಟು.

ಆದರೂ ಆ ಬೆರಳೆಣಿಕೆಯಲ್ಲಿ ಎಂಥವರಿದ್ದಾರೆ ನೋಡಿ. ರಷ್ಯಾದ ಪಾವೆಲ್ ದಾತ್ಸ್ಯುಕ್ 1998ರಲ್ಲಿ 171ನೆಯವನು. ಸ್ವೀಡನ್ನಿನ ಹೆನ್ರಿಕ್ ಜೆಟ್ಟರ್‌ಬರ್ಗ್ 1999ರಲ್ಲಿ 210ನೆಯವನು. ಅದೇ ದೇಶದ ಗೋಲಿ ಹೆನ್ರಿಕ್ ಲುಂಡ್‌ಕ್ವಿಸ್ಟ್ 2000ದಲ್ಲಿ 205ನೆಯವನು. ಮೊದಲಿಬ್ಬರನ್ನೂ ತೆಗೆದುಕೊಂಡದ್ದು ಡೆಟ್ರಾಯಿಟ್. 2008ರಲ್ಲಿ ಆ ತಂಡ ಸ್ಟಾನ್ಲಿ ಕಪ್ ಗೆದ್ದಾಗ ಇಬ್ಬರೂ ಅದರ ಆಧಾರಸ್ತಂಭಗಳು. ಇಬ್ಬರನ್ನೂ ಗುರುತಿಸಿದವರು ಸ್ವೀಡನ್ನಿನಲ್ಲಿದ್ದ ಡೆಟ್ರಾಯಿಟ್ ತಂಡದ ಪ್ರತಿನಿಧಿ ಹಾಕನ್ ಆಂಡರ್ಸನ್. ಬೇರೆ ಆಟಗಾರರನ್ನು ನೋಡಲು ಹೋದಾಗ ಈ ಹುಡುಗರು ಅವರ ಕಣ್ಣಿಗೆ ಬಿದ್ದಿದ್ದರು. 171 ಎಂಬ ಸಂಖ್ಯೆ ಹೇಳುವುದು ದಾತ್ಸ್ಯುಕ್‌ನ ಯೋಗ್ಯತೆಯನ್ನಲ್ಲ. ಅವನನ್ನು ನೋಡಿದವರು ಎಷ್ಟು ಕಡಿಮೆ ಎಂಬುದನ್ನು.

ಇಂಥ ಕಥೆ ಕೇಳಿ ಹಿಗ್ಗಿ ಕೂರುವಂತಿಲ್ಲ. ಇವರ ಹಿಂದೆ ಹೆಸರಿಲ್ಲದೆ ಮನೆಗೆ ಮರಳಿದವರು ನೂರಾರು ಮಂದಿ. ಮೊದಲ ಸುತ್ತಿನವನು ಒಂದು ವರ್ಷ ಸರಿಯಾಗಿ ಆಡದಿದ್ದರೆ ತಂಡ ಕಾಯುತ್ತದೆ, ಮತ್ತೊಮ್ಮೆ ಕಣಕ್ಕಿಳಿಸುತ್ತದೆ. ಕೊನೆಯ ಸುತ್ತಿನವನಿಗೆ ಅಷ್ಟು ತಾಳ್ಮೆ ಸಿಗುವುದಿಲ್ಲ. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ 1980ರ ದಶಕದಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಅಲ್ಲಿನ ಕಿರಿಯರ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು. ಜನವರಿ 1 ವಯಸ್ಸಿನ ಗಡಿ. ಆ ವಯಸ್ಸಿನಲ್ಲಿ ಹತ್ತು ತಿಂಗಳು ದೊಡ್ಡವನು ಮೈಯಲ್ಲೂ ದೊಡ್ಡವನು. ಹಾಗಾಗಿ ಅವನೇ ಆಯ್ಕೆಯಾಗುತ್ತಾನೆ, ಅವನಿಗೇ ಒಳ್ಳೆಯ ತರಬೇತಿ ಸಿಗುತ್ತದೆ, ಕೊನೆಗೆ ನಿಜವಾಗಿಯೂ ಮುಂದೆ ಹೋಗುತ್ತಾನೆ.

ನಮ್ಮ ದೇಶದಲ್ಲೂ ಒಮ್ಮೆ ಇಂಥ ಡ್ರಾಫ್ಟ್ ನಡೆದಿದೆ. 2008ರಲ್ಲಿ ಐಪಿಎಲ್ ತಂಡಗಳು 19 ವರ್ಷದೊಳಗಿನ ಆಟಗಾರರನ್ನು ಸರದಿಯಂತೆ ಆರಿಸಿಕೊಂಡವು. ದೆಹಲಿ ತಂಡ ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್‌ನನ್ನು ಕರೆಯಿತು. ಆಗಷ್ಟೇ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ತಂಡದ ನಾಯಕ, ದೆಹಲಿಯವನೇ ಆದ ವಿರಾಟ್ ಕೊಹ್ಲಿ ಬೆಂಗಳೂರಿನ ಪಾಲಾದ. ಮನೆಯಂಗಳದ ಹುಡುಗನ ವಿಷಯದಲ್ಲೇ ಹೀಗಾದರೆ ದೂರದ ಹಳ್ಳಿಯವನ ಗತಿ ಏನು?

ನಮ್ಮ ಜಿಲ್ಲೆಯಲ್ಲೇ ಇದಕ್ಕೊಂದು ಉತ್ತರವಿದೆ. ಗದಗಿನಲ್ಲಿ 1970ರಲ್ಲಿ ಹುಟ್ಟಿದ ಸುನಿಲ್ ಜೋಶಿ ಅಭ್ಯಾಸಕ್ಕಾಗಿ ಬೆಳಗಿನ ಜಾವ ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಿ, ಶಾಲೆಯ ಹೊತ್ತಿಗೆ ಮರಳುತ್ತಿದ್ದರು. 1995-96ರ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಪಡೆದರು. ಆಗ ಅವರನ್ನು ಕಡೆಗಣಿಸುವುದು ಆಯ್ಕೆಗಾರರಿಗೆ ಕಷ್ಟವಾಯಿತು. 1996ರ ಜೂನ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೊದಲ ಟೆಸ್ಟ್ ಆಡಿದಾಗ ಅವರಿಗೆ 26 ವರ್ಷ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, 6 ಮೇಡನ್, 6 ರನ್, 5 ವಿಕೆಟ್. 2020ರ ಮಾರ್ಚ್‌ನಲ್ಲಿ ಅವರು ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಆಯ್ಕೆಗಾಗಿ ಕಾದವರೇ ಆರಿಸುವ ಕುರ್ಚಿಯಲ್ಲಿ ಕುಳಿತರು.

ಜೋಶಿಯವರ ಛಲವನ್ನು ಹೊಗಳುವುದು ಸುಲಭ. ಆದರೆ ಆ 60 ಕಿ.ಮೀ.ಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ದಿನಾ ಅಷ್ಟು ದೂರ ಹೋಗಿಬರುವ ದುಡ್ಡು, ಹೊತ್ತು, ಮನೆಯವರ ಒಪ್ಪಿಗೆ ಎಲ್ಲರಿಗೂ ಇರುವುದಿಲ್ಲ. ಹೊಲದ ಕೆಲಸದ ದಿನಗಳಲ್ಲಂತೂ ಇನ್ನೂ ಕಷ್ಟ. ಹೆಣ್ಣುಮಕ್ಕಳಿಗೆ ಈ ದಾರಿ ಮತ್ತಷ್ಟು ಉದ್ದ.

ಹಾಗಾಗಿ ಕೊನೆಯ ಸುತ್ತಿನವರ ಇತಿಹಾಸದಿಂದ ಕಲಿಯಬೇಕಾದದ್ದು 'ಛಲ ಬಿಡಬೇಡ' ಎಂಬುದಷ್ಟೇ ಅಲ್ಲ. ಆರಿಸುವವರು ಹೆಚ್ಚು ಊರುಗಳಿಗೆ ಬರಬೇಕು. ಹದಿನಾಲ್ಕರಲ್ಲಿ ಸಣ್ಣಗಿದ್ದವನನ್ನು ಹದಿನಾರರಲ್ಲಿ ಮತ್ತೆ ನೋಡಬೇಕು. ಕ್ರೀಡಾ ವಸತಿ ನಿಲಯದ ಆಯ್ಕೆಯ ದಿನಾಂಕ ಹಳ್ಳಿಯ ಶಾಲೆಗೆ ಮೊದಲೇ ಮುಟ್ಟಬೇಕು. ವರದಿ ಬರೆಯುವ ನಮಗೂ ಇಲ್ಲಿ ಕೆಲಸವಿದೆ. ತಾಲ್ಲೂಕು ಕ್ರೀಡಾಕೂಟದ ಸುದ್ದಿಯಲ್ಲಿ ಗೆದ್ದವರ ಪಟ್ಟಿ, ಉದ್ಘಾಟಿಸಿದವರ ಹೆಸರು ಇರುತ್ತದೆ. ನಾಲ್ಕನೆಯವಳಾಗಿ ಬಂದ ಹುಡುಗಿ ಯಾವ ಊರಿನಿಂದ, ಹೇಗೆ ಬಂದಳು, ಮುಂದಿನ ವರ್ಷ ಬರುತ್ತಾಳೆಯೇ ಎಂಬುದನ್ನೂ ಕೇಳಿ ಬರೆಯೋಣ.