ಮುರಿದ ಹಲ್ಲಿನ ಲೆಕ್ಕ

ಟ್ರ್ಯಾಕ್ಟರ್ ಎಂದೊಡನೆ ನಮಗೆ ಪಂಜಾಬಿನ ಗೋಧಿ ಹೊಲ ನೆನಪಾಗುತ್ತದೆಯೇ ಹೊರತು ಬೆಂಗಳೂರಿನ ಜಯನಗರವೋ ಬನಶಂಕರಿಯೋ ಅಲ್ಲ. ಆದರೆ ಕನಕಪುರ ರಸ್ತೆಯಾಚೆಯ ತೋಟದಲ್ಲಿ ಮೂರು ದಶಕ ದುಡಿದು ಕೊಟ್ಟಿಗೆ ಸೇರಿದ ಪವರ್ ಟಿಲ್ಲರಿಗೆ ಗೇರು ಬೇಕಾದಾಗ, ಕಂಪನಿಯವರು 'ಆ ಮಾಡೆಲ್ ನಿಂತುಹೋಗಿದೆ' ಎಂದಾಗ, ಜನ ಹುಡುಕಿಕೊಂಡು ಬರುವುದು ಈ ಕಡೆಯ ಗಲ್ಲಿಗಳಿಗೆ. ಸಾರಕ್ಕಿ ಕೈಗಾರಿಕಾ ಬಡಾವಣೆ, ಯಲಚೇನಹಳ್ಳಿ, ತಿಲಕ್ ನಗರ, ಗುರಪ್ಪನಪಾಳ್ಯ. ಒಂದು ಲೇತು, ಒಂದು ಮಿಲ್ಲಿಂಗ್ ಮೆಷಿನ್, ಇಬ್ಬರು ಮೂವರು ಕೆಲಸಗಾರರು, ಅಷ್ಟೇ ಕಾರ್ಖಾನೆ. ಇವರು ಮಾಡುವ ಕೆಲಸಕ್ಕೂ ಒಂದು ಚರಿತ್ರೆ ಇದೆ. ಅದನ್ನು ಯಾರೂ ಬರೆದಿಡುತ್ತಿಲ್ಲ ಎಂಬುದು ನಮ್ಮ ತಕರಾರು.

ತೋಟದ ಟ್ರ್ಯಾಕ್ಟರ್ ಎಂಬ ಪುಟ್ಟ ಯಂತ್ರ ಅಮೆರಿಕದಲ್ಲಿ ಮನೆಯಂಗಳದ ಹುಲ್ಲು ಕತ್ತರಿಸಲು ಬೆಳೆದದ್ದು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನ ಕಬ್ ಕೆಡೆಟ್ 1961ರಲ್ಲಿ, ಜಾನ್ ಡೀರ್ 110 ಎಂಬುದು 1963ರಲ್ಲಿ ಬಂದವು. ಅಲ್ಲಿ ಅವನ್ನು ಜೋಪಾನವಾಗಿ ಮರುಜೋಡಿಸಿ ಮೆರೆಸುವ ಹವ್ಯಾಸಿಗಳೇ ಇದ್ದಾರೆ. ನಮ್ಮಲ್ಲಿ ಅಂಗಳವೂ ಇಲ್ಲ, ಹವ್ಯಾಸಕ್ಕೆ ಪುರುಸೊತ್ತೂ ಇಲ್ಲ. ನಮ್ಮ ತೋಟದ ಟ್ರ್ಯಾಕ್ಟರ್ ಹೊಟ್ಟೆಪಾಡಿಗೆ ಬಂದದ್ದು. ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆ 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಪವರ್ ಟಿಲ್ಲರ್ ಕಂಪನಿ ಕಟ್ಟಿತು. ಬೆಂಗಳೂರಿನದೇ ಆದ ಎಚ್.ಎಂ.ಟಿ. 1971ರಲ್ಲಿ ಜೆಕೊಸ್ಲೊವಾಕಿಯದ ಜೆಟರ್ ಮಾದರಿಯನ್ನು ತಂದು, ಹರಿಯಾಣದ ಪಿಂಜೋರಿನಲ್ಲಿ ಇಪ್ಪತ್ತೈದು ಅಶ್ವಶಕ್ತಿಯ 2511 ಟ್ರ್ಯಾಕ್ಟರ್ ತಯಾರಿಸಿತು. ಆ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರಲ್ಲಿ. ಕಾರ್ಖಾನೆ ಮುಚ್ಚಿದರೂ ಅದು ಹೆತ್ತ ಯಂತ್ರಗಳು ಒಂದೇ ದಿನ ಸಾಯುವುದಿಲ್ಲವಲ್ಲ!

ಹಲ್ಲುಚಕ್ರ ನಮ್ಮ ನಾಡಿಗೆ ಹೊಸದೇನಲ್ಲ. ಎತ್ತು ಸುತ್ತುತ್ತಾ ನೀರೆತ್ತುವ ರಾಟೆಯಲ್ಲಿ ಅಡ್ಡಚಕ್ರದ ಗೂಟಗಳು ನಿಲುಚಕ್ರದ ಗೂಟಗಳನ್ನು ತಳ್ಳುತ್ತವೆ. ಈ ಗೂಟದ ಗೇರು ಹದಿಮೂರು, ಹದಿನಾಲ್ಕನೆಯ ಶತಮಾನಗಳಲ್ಲಿ ತುರ್ಕರ ಜೊತೆ ಬಂತೆಂದು ಇತಿಹಾಸಕಾರ ಇರ್ಫಾನ್ ಹಬೀಬ್ ವಾದಿಸಿದ್ದಾರೆ. ಲಾಹೋರ್, ಸರ್ಹಿಂದ್ ಕಡೆ ಇಂಥ ರಾಟೆಗಳನ್ನು ಕಂಡ ಬಾಬರ್ ತನ್ನ ಆತ್ಮಕಥೆಯಲ್ಲಿ ಅವನ್ನು ವಿವರವಾಗಿ ಬಣ್ಣಿಸಿದ್ದಾನೆ. ಅದಕ್ಕೂ ಮೊದಲು, 1206ರಲ್ಲಿ, ಅಲ್ ಜಝರಿ ಎಂಬ ಯಂತ್ರಜ್ಞ ತನ್ನ ಗ್ರಂಥದಲ್ಲಿ ಹಲ್ಲುಚಕ್ರಗಳ ನೀರೆತ್ತುವ ಯಂತ್ರಗಳನ್ನು ಚಿತ್ರಸಹಿತ ಬರೆದಿಟ್ಟ. ಮಾಡುವವನೇ ಬರೆದಿಟ್ಟದ್ದು ಅವನ ದೊಡ್ಡಸ್ತಿಕೆ. ಮರದ ಗೂಟ ಮುರಿದರೆ ಊರ ಬಡಗಿ ಇನ್ನೊಂದನ್ನು ಕೆತ್ತಿ ಸಿಕ್ಕಿಸುತ್ತಿದ್ದ. ಉಕ್ಕಿನ ಹಲ್ಲು ಮುರಿದರೆ ಮಾತ್ರ ಅಷ್ಟು ಸುಲಭವಲ್ಲ.

ಉಸ್ತಾದರ ಮೇಜಿಗೆ ಬರುವುದು ನಕ್ಷೆಯಲ್ಲ, ಗ್ರೀಸು ಮೆತ್ತಿದ ಒಂದು ಮುರುಕು. ಅದರ ಬಾಯಿಂದಲೇ ಅದರ ಜಾತಕ ಹೊರಡಿಸಬೇಕು. ಮೊದಲು ಹಲ್ಲೆಣಿಕೆ, ಆಮೇಲೆ ತುದಿಯಿಂದ ತುದಿಗೆ ವರ್ನಿಯರ್ ಇಟ್ಟು ಹೊರವ್ಯಾಸದ ಅಳತೆ. ಹಲ್ಲಿನ ಸಂಖ್ಯೆಗೆ ಎರಡು ಕೂಡಿ, ಆ ಮೊತ್ತದಿಂದ ವ್ಯಾಸವನ್ನು ಭಾಗಿಸಿದರೆ ಮಾಡ್ಯೂಲ್ ಸಿಗುತ್ತದೆ, ಅಂದರೆ ಹಲ್ಲಿನ ಗಾತ್ರ. ಇಪ್ಪತ್ತೆರಡು ಹಲ್ಲು, ಎಪ್ಪತ್ತೆರಡು ಮಿಲಿಮೀಟರ್ ವ್ಯಾಸ ಎನ್ನಿ; ಎಪ್ಪತ್ತೆರಡನ್ನು ಇಪ್ಪತ್ನಾಲ್ಕರಿಂದ ಭಾಗಿಸಿದರೆ ಮೂರು. ಜಪಾನಿನ, ಜೆಕ್ ದೇಶದ ಯಂತ್ರಗಳು ಹೀಗೆ ಸರಾಗವಾಗಿ ಉತ್ತರ ಕೊಡುತ್ತವೆ. ಅದೇ ಇಪ್ಪತ್ತೆರಡು ಹಲ್ಲಿನ ಗೇರು ಅರವತ್ತೊಂದು ಮಿಲಿಮೀಟರ್ ಇದ್ದು ಉತ್ತರ 2.54 ಬಂತೆನ್ನಿ, ಉಸ್ತಾದರು ನಗುತ್ತಾರೆ. ಅದು ಇಂಚಿನ ನಾಡಿನಲ್ಲಿ ಹುಟ್ಟಿದ ಯಂತ್ರ, ಇಂಗ್ಲೆಂಡಿನದೋ ಅಮೆರಿಕದ್ದೋ. ಅದಕ್ಕೆ ಬೇರೆ ಕಟರ್ ಬೇಕು.

ಇದರಲ್ಲೂ ಮೋಸಗಳುಂಟು. ಹಲ್ಲು ಬೆಸಸಂಖ್ಯೆಯಲ್ಲಿದ್ದರೆ ಒಂದು ತುದಿಯ ಎದುರಿಗೆ ಇನ್ನೊಂದು ತುದಿ ಇರುವುದಿಲ್ಲ, ಸಂದು ಇರುತ್ತದೆ. ನೇರ ಅಳೆದರೆ ವ್ಯಾಸ ಕಡಿಮೆ ಬರುತ್ತದೆ. ಸವೆದ ಗೇರು ತನ್ನ ನಿಜವಾದ ಅಳತೆಯನ್ನು ಹೇಳುವುದೇ ಇಲ್ಲ. ಹಳೆಯ ಅಮೆರಿಕನ್ ಗೇರುಗಳಲ್ಲಿ ಹಲ್ಲಿನ ಓರೆ ಹದಿನಾಲ್ಕೂವರೆ ಡಿಗ್ರಿ ಇರುವುದುಂಟು, ಈಗಿನ ರೂಢಿ ಇಪ್ಪತ್ತು. ಈ ವ್ಯತ್ಯಾಸ ತಿಳಿಯದೆ ಕತ್ತರಿಸಿದರೆ ಗೇರು ಕೂರುತ್ತದೆ, ತಿರುಗುತ್ತದೆ, ಕೂಗುತ್ತದೆ. ಕೊನೆಗೆ ಪಕ್ಕದ ಗೇರನ್ನೂ ತಿನ್ನುತ್ತದೆ.

ಕತ್ತರಿಸುವುದು ಹಲವೆಡೆ ಇಂದಿಗೂ ಎಚ್.ಎಂ.ಟಿ.ಯ ಎಫ್.ಎನ್.2 ಮಿಲ್ಲಿಂಗ್ ಮೆಷಿನ್ನಿನಲ್ಲೇ. ಸ್ವಿಸ್ ಕಂಪನಿ ಓರ್ಲಿಕಾನ್‌ನ ನೆರವಿನಿಂದ 1953ರಲ್ಲಿ ಶುರುವಾದ ಸಂಸ್ಥೆಯ ಕೂಸು ಇದು. ಎಚ್.ಎಂ.ಟಿ.ಯ ಟ್ರ್ಯಾಕ್ಟರ್ ನಿಂತುಹೋಗಿದೆ. ಆ ಟ್ರ್ಯಾಕ್ಟರಿಗೆ ಹಲ್ಲು ಕೊರೆಯುವ ಎಚ್.ಎಂ.ಟಿ.ಯ ಮೆಷಿನ್ ಮಾತ್ರ ಇನ್ನೂ ಓಡುತ್ತಿದೆ. ಡಿವೈಡಿಂಗ್ ಹೆಡ್ಡಿನ ಹಿಡಿಯನ್ನು ನಲವತ್ತು ಸುತ್ತು ತಿರುಗಿಸಿದರೆ ಗೇರು ಒಂದು ಸುತ್ತು ತಿರುಗುತ್ತದೆ. ಇಪ್ಪತ್ತೆರಡು ಹಲ್ಲಿಗೆ ಪ್ರತಿಸಲ ಒಂದು ಪೂರ್ತಿ ಸುತ್ತು, ಮೇಲೆ ಮೂವತ್ಮೂರು ತೂತಿನ ವೃತ್ತದಲ್ಲಿ ಇಪ್ಪತ್ತೇಳು ತೂತು. ಇಪ್ಪತ್ತೊಂದನೆಯ ಹಲ್ಲಿನಲ್ಲಿ ಒಂದು ತೂತು ತಪ್ಪಿ ಎಣಿಸಿದರೆ ದಿನದ ಕೂಲಿಯೂ ಹೋಯಿತು, ಕಬ್ಬಿಣವೂ ಹೋಯಿತು. ಆ ಹೊತ್ತಿನಲ್ಲಿ ಉಸ್ತಾದರನ್ನು ಯಾರೂ ಮಾತಾಡಿಸಬಾರದು ಎಂಬ ಕಟ್ಟಳೆ ಸುಮ್ಮನೆ ಹುಟ್ಟಿದ್ದಲ್ಲ.

ಇಷ್ಟಾದರೂ ಅರ್ಧ ಕೆಲಸವೇ. ಕೊರೆದ ಗೇರನ್ನು ಇಂಗಾಲದ ಹದಕ್ಕೆ ಕಳಿಸಬೇಕು. ಸುಮಾರು 900 ಡಿಗ್ರಿಗೂ ಮೇಲಿನ ಕಾವಿನಲ್ಲಿ ಮೈಗೆ ಇಂಗಾಲ ಹಿಡಿಸಿ, ಎಣ್ಣೆಯಲ್ಲಿ ಅದ್ದಿ ತೆಗೆದರೆ ಹಲ್ಲಿನ ಮೈ ಗಾಜಿನಷ್ಟು ಗಟ್ಟಿ, ಒಳಗಿನ ತಿರುಳು ಮಾತ್ರ ಪೆಟ್ಟು ತಾಳುವಷ್ಟು ಮೆತು. ಇದಕ್ಕೆ ತಕ್ಕ ಉಕ್ಕೇ ಬೇಕು, 20 ಎಂ.ಎನ್. ಸಿ.ಆರ್. 5, ಇ.ಎನ್. 353 ಎಂಬ ಹೆಸರುಗಳು ಇಲ್ಲಿನ ಹುಡುಗರ ಬಾಯಲ್ಲಿ ತರಕಾರಿಯ ಹೆಸರಿನಂತೆ ಬರುತ್ತವೆ. ಗಿರಾಕಿ ಅಗ್ಗಕ್ಕೆ ಕೇಳಿದನೆಂದು ಸಾದಾ ಕಬ್ಬಿಣದಲ್ಲಿ ಕೊರೆದು, ಹದವನ್ನೂ ಬಿಟ್ಟು ಕೊಟ್ಟರೆ ನೋಡಲು ಅದೇ ಗೇರು. ಉಳುಮೆಯ ನಡುವೆ ಹಲ್ಲು ಉದುರುತ್ತದೆ, ಮಳೆ ಹದ ಬಿಟ್ಟುಹೋಗುತ್ತದೆ. ಕಣ್ಣಿಗೆ ಕಾಣದ ಈ ಗುಣಕ್ಕೆ ಜಾಮೀನು ಎಂದರೆ ಮಾಡಿದವನ ಮಾತೊಂದೇ.

ಈ ವಿದ್ಯೆ ಬಂದದ್ದು ಎಲ್ಲಿಂದ? ಎಚ್.ಎಂ.ಟಿ., ಆಡುಗೋಡಿಯ ಮೈಕೊ ಮುಂತಾದ ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ಆಗಿ ಕಲಿತವರಿಂದ ಒಂದಿಷ್ಟು. ಹತ್ತು ಹನ್ನೆರಡರ ಪ್ರಾಯದಲ್ಲಿ ಶಾಲೆ ಬಿಟ್ಟು ಉಸ್ತಾದರಿಗೆ ಚಹಾ ತರುತ್ತಾ ಲೇತಿನ ಪಕ್ಕ ಬೆಳೆದ ಶಾಗಿರ್ದರಿಂದ ಇನ್ನೊಂದಿಷ್ಟು. ಮೊದಲಿನವರ ಕೈಯಲ್ಲಿ ಸರ್ಟಿಫಿಕೇಟಿತ್ತು. ಎರಡನೆಯವರ ಬಳಿ ಇದ್ದದ್ದು ಎಣ್ಣೆ ಮೆತ್ತಿದ ಒಂದು ನೋಟ್‌ಪುಸ್ತಕ: ಯಾವ ಗೇರಿಗೆ ಎಷ್ಟು ಹಲ್ಲು, ಯಾವ ಕಟರ್, ಎಷ್ಟು ತೂತು, ಕೆಲವೆಡೆ ಉರ್ದುವಿನಲ್ಲಿ, ಕೆಲವೆಡೆ ಕನ್ನಡದಲ್ಲಿ. ಶಾಲೆ ಬಿಡಿಸಿದ ಬಡತನವನ್ನು ನಾವು ಹೊಗಳಲಾರೆವು. ಆದರೆ ಆ ಪುಸ್ತಕದ ಲೆಕ್ಕ ವಿದ್ಯೆಯೇ ಅಲ್ಲ ಎನ್ನುವವರನ್ನೂ ಒಪ್ಪಲಾರೆವು.

1951ರಲ್ಲಿ ಸ್ಥಾಪನೆಯಾದ ಮೈಕೊ 2008ರಲ್ಲಿ ಬಾಷ್ ಆಯಿತು. ಆಡುಗೋಡಿಯ ತಯಾರಿಕೆ ಬಿಡದಿಗೆ ಹೋಗಿ, 2022ರಲ್ಲಿ ಅದೇ ಜಾಗದಲ್ಲಿ ತಂತ್ರಜ್ಞಾನ ಕ್ಯಾಂಪಸ್ ಉದ್ಘಾಟನೆಯಾಯಿತು. ದೊಡ್ಡವರು ಜಾಗ ಬದಲಿಸಿದರೆ ಸುದ್ದಿ. ಬಾಡಿಗೆ ಏರಿ ಒಂದು ಲೇತಿನ ಅಂಗಡಿ ಬಾಗಿಲು ಹಾಕಿದರೆ ಮೆಷಿನ್ ಗುಜರಿಗೆ ಹೋಗುತ್ತದೆ, ಅದರ ಜೊತೆಗೆ ನೋಟ್‌ಪುಸ್ತಕವೂ ಹೋಗುತ್ತದೆ. ಈಚೆಗೆ ಹಳೆಯ ಯೆಜ್ಡಿ ಬೈಕುಗಳ ಮೋಹ ಹೆಚ್ಚಿರುವುದು ಕೆಲವರಿಗೆ ಕೆಲಸ ಕೊಟ್ಟಿದೆ. ಮೈಸೂರಿನ ಐಡಿಯಲ್ ಜಾವಾ ಮುಚ್ಚಿದ್ದು 1996ರಲ್ಲಿ. ಜೆಟರ್‌ನಂತೆ ಅದರ ಮೂಲವೂ ಜೆಕ್. ಬೈಕಿನವರು ಹಣ ಕೊಡುತ್ತಾರೆ, ರೈತ ಚೌಕಾಸಿ ಮಾಡುತ್ತಾನೆ. ಮಾಡದೆ ಅವನಿಗೆ ಬೇರೆ ದಾರಿಯೂ ಇಲ್ಲ.

ಈಗ ವೈರ್‌ಕಟ್ ಮೆಷಿನ್ ಬಂದಿದೆ. ಮೊದಲೇ ಹದ ಮಾಡಿದ ಗಟ್ಟಿ ಉಕ್ಕಿನಲ್ಲೂ ತಂತಿಯ ಕಿಡಿಯಿಂದ ನೇರಹಲ್ಲನ್ನು ಕೊರೆದುಬಿಡುತ್ತದೆ, ನಿಧಾನವಾದರೂ ತೂತು ಎಣಿಸುವ ತಾಪತ್ರಯವಿಲ್ಲ. ಕಂಪ್ಯೂಟರಿನ ಮುಂದೆ ಕೂತ ಹುಡುಗ ಹಲ್ಲಿನ ಆಕಾರವನ್ನು ಪರದೆಯ ಮೇಲೆ ಬಿಡಿಸುತ್ತಾನೆ. ಆದರೆ ಮುರುಕೊಂದನ್ನೇ ಕೈಯಲ್ಲಿ ಹಿಡಿದು ಬಂದ ಗಿರಾಕಿಗೆ ಅವನೂ ಹಳೆಯ ಉಸ್ತಾದರ ಮಾತನ್ನೇ ಹೇಳುತ್ತಾನೆ: ಇದರ ಜೋಡಿ ಗೇರನ್ನೂ ಬಿಚ್ಚಿ ತನ್ನಿ, ಎರಡನ್ನೂ ಕೂರಿಸಿ ನೋಡದೆ ನಾನು ಕೊರೆಯುವುದಿಲ್ಲ.