ಶ್ರಾವಣದ ಗ್ರಹಣ, ಕಾರ್ತಿಕದ ಗ್ರಹಣ

ನಮ್ಮ ಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಹೊಳೆದಿರಬೇಕು. ಸೂರ್ಯಗ್ರಹಣ, ಸೋಮಗ್ರಹಣಗಳ ಪುಣ್ಯಕಾಲದಲ್ಲಿ ಭೂಮಿಯನ್ನು ಧಾರೆಯೆರೆದು ಕೊಟ್ಟವರ ಹೆಸರು ಅವುಗಳಲ್ಲಿ ಬೇಕಾದಷ್ಟು ಉಂಟು. ಆ ದಿನ ಮೋಡ ಕವಿದಿತ್ತೆ, ಗ್ರಹಣ ಕಣ್ಣಿಗೆ ಕಂಡಿತೆ ಎಂಬ ಮಾತು ಸಾಮಾನ್ಯವಾಗಿ ಇರುವುದಿಲ್ಲ. ಶಾಸನಗಳು ಹೇಳುವ ಕೆಲವು ಗ್ರಹಣಗಳು ನಮ್ಮ ನಾಡಿಗೆ ಕಾಣುವಂಥವೇ ಆಗಿರಲಿಲ್ಲವೆಂದು ವಿದ್ವಾಂಸರು ಲೆಕ್ಕ ಹಾಕಿ ತೋರಿಸಿದ್ದಾರೆ. ದಾನ ಕೊಡುವವನಿಗೆ ಪಂಚಾಂಗವೊಂದೇ ಸಾಕು. ನೋಡುವವನಿಗೆ ಪಂಚಾಂಗದ ಜೊತೆಗೆ ಮೋಡದ ದಯೆಯೂ ಬೇಕು. ದಾವಣಗೆರೆಯ ದೀಪಗಳನ್ನು ಹಿಂದೆ ಬಿಟ್ಟು, ಕ್ಯಾಮರಾ ಹೆಗಲಿಗೇರಿಸಿ, ಹದಡಿಯ ಹೊಲಗಳ ಕಡೆಗೆ ನಕ್ಷತ್ರ ನೋಡಲು ಹೊರಡುವ ಹವ್ಯಾಸಿಯ ಕಷ್ಟವೂ ಇದೇ. ಅವನಿಗಿಂತ ಮೊದಲು ಈ ಕಷ್ಟವನ್ನು ಪಟ್ಟವರ ಕಥೆ ಕನ್ನಡ ನಾಡಿನ ಚರಿತ್ರೆಯಲ್ಲಿಯೇ ಇದೆ.

1868ರ ಆಗಸ್ಟ್ 18, ಶ್ರಾವಣದ ಅಮಾವಾಸ್ಯೆ. ಆ ಶತಮಾನದ ಅತಿ ದೀರ್ಘ ಖಗ್ರಾಸ ಸೂರ್ಯಗ್ರಹಣಗಳಲ್ಲೊಂದು ಅಂದು ದಕ್ಷಿಣ ಭಾರತದ ಮೇಲೆ ಹಾದುಹೋಯಿತು. ಇಂಗ್ಲೆಂಡಿನ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷಲ್ ಎಂಬ ಸರ್ವೆ ಅಧಿಕಾರಿ ಜಮಖಂಡಿಯಲ್ಲಿ ಬೀಡುಬಿಟ್ಟಿದ್ದ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷಲನ ಮೊಮ್ಮಗ ಈತ. ಜಮಖಂಡಿ ಸಹ್ಯಾದ್ರಿಯ ಮಳೆನೆರಳಿನ ಊರು. ಘಟ್ಟದ ಮೇಲೆ ಧಾರಾಕಾರವಾಗಿ ಸುರಿಯುವ ಮುಂಗಾರು ಅಲ್ಲಿಗೆ ಬರುವಷ್ಟರಲ್ಲಿ ಬಡವಾಗಿರುತ್ತದೆ. ಆದರೆ ಮಳೆ ಕಡಿಮೆಯಾದ ಮಾತ್ರಕ್ಕೆ ಮೋಡವೂ ಕಡಿಮೆಯಾಗಬೇಕೆಂದೇನೂ ಇಲ್ಲ. ಶ್ರಾವಣದ ಮೋಡ ಸೂರ್ಯನಿಗೆ ಅಡ್ಡ ಬಂದಿತು. ಗ್ರಹಣ ತುಂಬಿದ ಆ ಕೆಲವೇ ನಿಮಿಷಗಳಲ್ಲಿ ಮೋಡ ಬಿಟ್ಟುಕೊಟ್ಟ ಸಂದಿಯಿಂದಲೇ ಹರ್ಷಲ್ ತನ್ನ ವರ್ಣದರ್ಶಕದಲ್ಲಿ ಸೂರ್ಯನ ಅಂಚಿನ ಜ್ವಾಲೆಗಳನ್ನು ನೋಡಿದ. ಕೆಂಪು, ಕಿತ್ತಳೆ, ನೀಲಿ ಗೆರೆಗಳು ಕಂಡವು. ಜ್ವಾಲೆಗಳು ಕಾದು ಹೊಳೆಯುವ ಅನಿಲವೆಂಬುದು ಇದರಿಂದ ಸ್ಪಷ್ಟವಾಯಿತು. ಕಿತ್ತಳೆ ಗೆರೆಯನ್ನು ಆತ ಸೋಡಿಯಂನದೆಂದು ಬಗೆದ. ಅದು ಬೇರೆಯೇ ಒಂದು ಮೂಲವಸ್ತುವಿನದೆಂದು, ಅಂದರೆ ಹೀಲಿಯಂನದೆಂದು, ಮುಂದೆ ತಿಳಿಯಿತು. ಅದೇ ದಿನ ಗುಂಟೂರಿನಲ್ಲಿ ಮೇಜರ್ ಟೆನೆಂಟ್ ತೆಗೆದ ಛಾಯಾಚಿತ್ರಗಳಿಗೂ ತೆಳುಮೋಡದ ಪರದೆ ಅಡ್ಡವಿತ್ತು.

ಮೂರು ವರ್ಷ ಕಳೆಯಿತು. 1871ರ ಡಿಸೆಂಬರ್ 12, ಕಾರ್ತಿಕದ ಅಮಾವಾಸ್ಯೆ. ಈ ಸಲ ಗ್ರಹಣದ ದಾರಿ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಬೇಕಲದ ಮೇಲೆ. ಕೆಳದಿಯ ನಾಯಕರು ಕಟ್ಟಿದ, ಈಗ ಕಾಸರಗೋಡಿಗೆ ಸೇರಿದ ಕೋಟೆಯಲ್ಲಿ ನಾರ್ಮನ್ ಲಾಕ್ಯರ್ ತನ್ನ ತಂಡದೊಡನೆ ಕಾದಿದ್ದ. ಬೇಕಲಕ್ಕೆ ಬೀಳುವ ಮಳೆಯ ಮುಂದೆ ಜಮಖಂಡಿಯ ಮಳೆ ಲೆಕ್ಕಕ್ಕೇ ಇಲ್ಲ. ಆದರೂ ಮಳೆಗಾಲ ಮುಗಿದ ಕಾರ್ತಿಕದಲ್ಲಿ ಕಡಲ ದಂಡೆಯ ಆಕಾಶ ತಿಳಿಯಾಗಿತ್ತು. ಆಗಿನ ಛಾಯಾಗ್ರಹಣವೆಂದರೆ ಗಾಜಿನ ಹಲಗೆಗೆ ದ್ರಾವಣ ಬಳಿದು, ಅದು ಒಣಗುವುದರೊಳಗೆ ಚಿತ್ರ ತೆಗೆದು ತೊಳೆಯುವ ಕೆಲಸ. ಸುಮಾರು ಎರಡೇ ನಿಮಿಷದ ಕತ್ತಲೆಯಲ್ಲಿ ಡೇವಿಸ್ ಎಂಬ ಛಾಯಾಗ್ರಾಹಕ ಸೂರ್ಯನ ಪ್ರಭಾವಲಯದ ಐದು ಚಿತ್ರಗಳನ್ನು ಪಡೆದ. ನಿಮಿಷ ಹೆಚ್ಚಿದ್ದುದು ಶ್ರಾವಣದಲ್ಲಿ. ನೋಟ ದಕ್ಕಿದ್ದು ಕಾರ್ತಿಕದಲ್ಲಿ.

ಒಣ ಸೀಮೆಯಲ್ಲಿಯೇ ಗ್ರಹಣ ಒಳ್ಳೆಯ ತಿಂಗಳಲ್ಲಿ ಬಂದರೆ? 1980ರ ಫೆಬ್ರವರಿ 16, ಮಾಘದ ಅಮಾವಾಸ್ಯೆಯ ಮಧ್ಯಾಹ್ನ ಅದೂ ಆಯಿತು. ಖಗ್ರಾಸದ ಪಟ್ಟಿ ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಸಾಗಿತು. ದಾವಣಗೆರೆ, ಹರಿಹರಗಳಿಗೆ ಪಾರ್ಶ್ವಗ್ರಹಣವಷ್ಟೇ ಸಿಕ್ಕಿತು. ಭಾರತೀಯ ಖಭೌತ ಸಂಸ್ಥೆಯವರು ಹುಬ್ಬಳ್ಳಿಯ ಬಳಿಯ ಹೊಸೂರಿನಲ್ಲಿಯೂ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿಯೂ ಉಪಕರಣಗಳನ್ನು ಹೂಡಿದ್ದರು. ಆಕಾಶ ನಿರ್ಮಲವಾಗಿತ್ತು. ಆದರೆ ಅಂದು ಅನೇಕ ಊರುಗಳಲ್ಲಿ ಜನ ಬಾಗಿಲು ಹಾಕಿಕೊಂಡು ಒಳಗೆ ಕುಳಿತರು. ಮೋಡ ಮರೆಮಾಡದಿದ್ದುದನ್ನು ಕದ ಮರೆಮಾಡಿತು!

ಹದಡಿಯ ಹವ್ಯಾಸಿಗೆ ಈ ಚರಿತ್ರೆ ಹೇಳುವುದು ಒಂದೇ ಮಾತು: ಆಕಾಶದ ಹಬ್ಬಗಳನ್ನು ಪರದೇಶದ ಪಟ್ಟಿ ನೋಡಿ ಆಚರಿಸಬಾರದು, ನಮ್ಮ ಋತು ನೋಡಿ ಆಚರಿಸಬೇಕು. ಯುರೋಪಿನವರು ಕೊಂಡಾಡುವ ಪರ್ಸಿಯಿಡ್ ಉಲ್ಕಾವರ್ಷ ಆಗಸ್ಟ್ 12–13ರ ಸುಮಾರಿಗೆ, ನಮ್ಮ ಮುಂಗಾರಿನ ನಡುವೆ ಬರುತ್ತದೆ. ದಾವಣಗೆರೆಯೂ ಜಮಖಂಡಿಯಂತೆ ಮಳೆನೆರಳಿನ ಸೀಮೆಯೇ. ಹನಿ ಬೀಳದ ರಾತ್ರಿಯೂ ಅಲ್ಲಿ ಮೋಡ ಕವಿದಿರಬಹುದು. ಡಿಸೆಂಬರ್ 13–14ರ ಸುಮಾರಿಗೆ ಮಿಥುನ ರಾಶಿಯಿಂದ ಉದುರುವ ಜೆಮಿನಿಡ್ ಉಲ್ಕೆಗಳೇ ನಮ್ಮವು. ಮಾರ್ಚಿಯಿಂದ ಮೇ ತನಕ ಮೋಡ ಕಡಿಮೆಯಾದರೂ ಧೂಳಿನ ಮುಸುಕು. ಪೇಟೆಯ ದೀಪಗಳ ಬೆಳಕು ಆ ಧೂಳಿನ ಮೇಲೆ ಚೆಲ್ಲಿ, ಸಣ್ಣ ನಕ್ಷತ್ರಗಳನ್ನು ನುಂಗಿಬಿಡುತ್ತದೆ.

ಹಾಗೆಂದು ಚಳಿಗಾಲವೂ ನಿಷ್ಕಂಟಕವಲ್ಲ. ಮೋಡವು ಭೂಮಿಗೆ ಕಂಬಳಿಯಿದ್ದಂತೆ. ಅದಿಲ್ಲದ, ಗಾಳಿಯಾಡದ ರಾತ್ರಿ ನೆಲವೂ ಕ್ಯಾಮರಾದ ಗಾಜೂ ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತವೆ. ಗಾಜಿನ ಮೇಲೆ ಇಬ್ಬನಿ ಕಟ್ಟುತ್ತದೆ. ಭದ್ರಾ ನಾಲೆಯ ನೀರುಂಡ ಗದ್ದೆಗಳ ಪಕ್ಕದಲ್ಲಿ ಇದು ಇನ್ನೂ ಹೆಚ್ಚು, ಬೆಳಗಿನ ಜಾವಕ್ಕೆ ಮಂಜೇ ಇಳಿದೀತು. ಆದುದರಿಂದ ಗದ್ದೆಯ ಬದುವಿಗಿಂತ ದಿಬ್ಬದ ಮೇಲಿನ ಒಣಹೊಲ ಲೇಸು. ಗಾಜನ್ನು ತುಸು ಬೆಚ್ಚಗಿಡುವ ಉಪಾಯವೂ ಬೇಕು.

2028ರ ಡಿಸೆಂಬರ್ 31ರ ರಾತ್ರಿ ಖಗ್ರಾಸ ಚಂದ್ರಗ್ರಹಣವಿದೆ. ಹತ್ತೂಕಾಲರ ವೇಳೆಗೆ ಚಂದ್ರ ಪೂರ್ಣವಾಗಿ ನೆರಳಿನೊಳಗೆ ಇರುತ್ತಾನೆ. ತಿಂಗಳು ಒಳ್ಳೆಯದು, ಹೊತ್ತು ಅನುಕೂಲವಾದದ್ದು. ಅಂದು ಮೋಡ ಬಂದರೆ ಉಪಾಯವಿಲ್ಲ. ಬಾರದಿದ್ದರೆ, ಕದವಾದರೂ ತೆರೆದಿರಲಿ.